ಅಮ್ಮನ ಕೆಂಪು ಗುರುತು

ಅಪ್ಪಾ,

ಫೋನಿನಲ್ಲಾದರೆ ನೀವು ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಪತ್ರ.

ನಾನು ಹುಲ್ಲು ನೋಡಿಕೊಳ್ಳುವ ಗಾಲ್ಫ್ ಮೈದಾನದಲ್ಲಿ ಈಗ ಪ್ರತಿ ಕುಳಿಗೂ ಮೊದಲ ಹೊಡೆತ ಎಲ್ಲಿಂದ ಅಂತ ತೋರಿಸುವ ಎರಡು ಗುರುತು ಹಾಕಿದ್ದೇವೆ. ಜೋರಾಗಿ ಹೊಡೆಯುವವರು ದೂರದ ಬಿಳಿ ಗುರುತಿನಿಂದ ಆಡಬಹುದು, ಉಳಿದವರು ಹತ್ತಿರದ ಕೆಂಪಿನಿಂದ.

"ಇದೇನು ಮಕ್ಕಳಾಟವಾ?" ಅಂತ ಮೂಗು ಮುರಿದಿರಂತೆ. ನಿಮ್ಮ ಬಿಳಿ ಇದ್ದಲ್ಲೇ ಇದೆ. ಕೆಂಪು ಅಮ್ಮನಿಗೆ. ಹಿಂದೊಮ್ಮೆ ಅವಳು ಬಿಳಿಯಿಂದ ಹೊಡೆದ ಚೆಂಡು ಕೊಳಕ್ಕೆ ಬಿದ್ದಾಗ "ನಿನಗ್ಯಾಕೆ ಇದೆಲ್ಲ?" ಅಂದಿದ್ದಿರಿ. ಆಮೇಲೆ ಅವಳು ಆಡಲೇ ಇಲ್ಲ, ನಿಮ್ಮ ಗಾಲ್ಫ್ ಕೋಲುಗಳ ಬ್ಯಾಗ್ ಹೊತ್ತುಕೊಂಡು ಹಿಂದೆ ನಡೆದಳು, ಅಷ್ಟೇ. ನಿನ್ನೆ ಕೆಂಪಿನಿಂದ ಹೊಡೆದಳು. ಚೆಂಡು ಕೊಳ ದಾಟಿತು.

ಭಾನುವಾರ ಇಬ್ಬರೂ ಬನ್ನಿ. ಅವಳು ಹೊಡೆಯುವಾಗ ದಯವಿಟ್ಟು ಪಾಠ ಮಾಡಬೇಡಿ. ನಿಮ್ಮ ಬ್ಯಾಗ್ ಇಡಲು ಒಂದು ತಳ್ಳುವ ಗಾಡಿ ತೆಗೆದಿಟ್ಟಿದ್ದೇನೆ. ಅಮ್ಮನ ಹೆಗಲಲ್ಲಿ ಅವಳದೇ ಬ್ಯಾಗ್ ಇರುತ್ತದೆ.

ನಿಮ್ಮ ಮಗಳು