ಹುಲಿಗೆಮ್ಮ ನೋಡದೆ ಬರೆದದ್ದು

ಕಾನಹೊಸಹಳ್ಳಿ
೧೪ ಜುಲೈ ೨೦೦೮, ಸೋಮವಾರ

ತಮ್ಮ ದುರುಗಣ್ಣನಿಗೆ ನಿನ್ನ ಅಕ್ಕ ಮಾಳಮ್ಮನ ಆಶೀರ್ವಾದಗಳು.

ಕೆಮ್ಮು ಕಡಿಮೆಯಾಯಿತೇ? ಜೈಲಿನ ಡಾಕ್ಟರು ಕೊಟ್ಟ ಮಾತ್ರೆಗಳನ್ನು ಪೂರಾ ನುಂಗು, ಸ್ವಲ್ಪ ವಾಸಿಯಾದ ಕೂಡಲೇ ಬಿಡುವ ಚಾಳಿ ನಿನ್ನದು. ನಾವಿಬ್ಬರೂ ಆರೋಗ್ಯ. ನಿನ್ನ ಮಗಳು ಹುಲಿಗೆಮ್ಮ ಈಗ ನನ್ನ ಭುಜದವರೆಗೆ ಬಂದಿದ್ದಾಳೆ. ಜಡೆ ಥೇಟ್ ಅವಳ ತಾಯಿಯದೇ.

ತವರೂರಿನಲ್ಲಿ ಬದುವಿನ ಜಗಳದಲ್ಲಿ ನಿನ್ನ ಕೈಯಿಂದ ಒಂದು ಜೀವ ಹೋಗಿ ಐದು ವರ್ಷವಾಯಿತು. ಪೊಲೀಸರು ಕರೆದೊಯ್ಯುವಾಗ, ತಾಯಿಯಿಲ್ಲದ ಆ ಕೂಸನ್ನು ನನ್ನ ಕೈಗಿಟ್ಟು, "ಅಕ್ಕಾ, ಬೊಂಬಾಯಿಗೆ ದುಡಿಯಾಕ ಹೋಗ್ಯಾನ ಅಂತ ಹೇಳು. ಜೈಲಿನ ಬಾಗಲಿಗೆ ಅಕೀನ ಕರಕೊಂಡು ಬರಬ್ಯಾಡ" ಎಂದೆಯಲ್ಲ, ಹಾಗೇ ನಡೆದುಕೊಂಡೆ. ಹಾಗೆ ನಡೆಯುವುದು ಇನ್ನು ಸಾಧ್ಯವಿಲ್ಲ. ಏನಾಯಿತೆಂದು ಹೇಳುತ್ತೇನೆ.

ಹೋದ ವರ್ಷ ನಮ್ಮ ಶಾಲೆಯಲ್ಲಿ 'ನನ್ನ ತಂದೆ' ಎಂಬ ಪ್ರಬಂಧ ಬರೆಸಿದ್ದೆ. ಕ್ಲಾಸಿನ ಮೂವತ್ತೆಂಟು ಮಕ್ಕಳ ತಂದೆಯರೂ ಬೆಳಿಗ್ಗೆ ಬೇಗನೆ ಎದ್ದು ದಿನಪತ್ರಿಕೆ ಓದುವವರೇ! ಗೈಡಿನಲ್ಲಿ ಹಾಗಿತ್ತು. ಹುಲಿಗೆಮ್ಮಳೂ ಅದನ್ನೇ ಇಳಿಸಿದ್ದಳು. ನಾನೂ ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಸರಿ ಹಾಕಿದ್ದೆ. ಆಮೇಲೆ ನಾಚಿಕೆಯೆನಿಸಿತು. ಮಕ್ಕಳಿಗೆ ಬರೆಯಲು ಕಲಿಸುವುದು ಹೇಗೆಂದು ನನಗೂ ಯಾರೂ ಕಲಿಸಿರಲಿಲ್ಲ.

ಈ ಬೇಸಿಗೆ ರಜೆಯಲ್ಲಿ ಅದನ್ನು ಹುಡುಕಲು ಕೂಡ್ಲಿಗಿಯ ಸಲೀಂನ ಇಂಟರ್‌ನೆಟ್ ಅಂಗಡಿಗೆ ಹೋದೆ. "ಇಲ್ಲಿ ನೋಡ್ರಿ ಟೀಚರ್, ತಾಯಿ-ತಂದಿಗೆ, ಮಾಸ್ತರಿಗೆ ಅಂತ ಎಲ್ಲಾ ಪುಕ್ಕಟೆ ಇಟ್ಟಾರ" ಎಂದು ಅವನು ಪುಟದ ಮೇಲೆ ಪುಟ ತೆಗೆದು ತೋರಿಸಿದ. ಎಲ್ಲಾ ಇಂಗ್ಲಿಷು. ನಾಲ್ಕು ಹಾಳೆ ಪ್ರಿಂಟ್ ಹಾಕಿಸಿಕೊಂಡು ಬಂದು ಡಿಕ್ಷನರಿ ಹಿಡಿದು ವಾರವೆಲ್ಲ ಕೂತೆ. ಅರ್ಥವಾದದ್ದಿಷ್ಟು: ಮಗು ತನಗೆ ಗೊತ್ತಿರುವುದನ್ನು, ತನ್ನ ಮಾತಿನಲ್ಲೇ, ನಿಜವಾಗಿ ಓದುವ ಒಬ್ಬರಿಗೆ ಬರೆಯಲಿ. ಮೊದಲು ಅದು ಏನು ಹೇಳುತ್ತಿದೆಯೆಂದು ಓದಿ. ತಪ್ಪು ಆಮೇಲೆ ತಿದ್ದಿ.

ಶಾಲೆ ಶುರುವಾದ ಮೇಲೆ ಗೈಡು ಮುಚ್ಚಿಸಿ, ಯಾರಿಗಾದರೂ ಕಾಗದ ಬರೆಯಿರಿ ಎಂದೆ. ಒಬ್ಬ ಸತ್ತ ಎತ್ತಿನ ಬಗ್ಗೆ ಮಾವನಿಗೆ ಬರೆದ. ಹುಲಿಗೆಮ್ಮ ಎಲ್ಲರಿಗಿಂತ ಕಡೆಗೆ ಹಾಳೆ ಕೊಟ್ಟು, ನನ್ನ ಮುಖ ನೋಡದೆ ಹೋಗಿ ಕೂತಳು.

"ಅಪ್ಪಾ, ನೀನು ಬೊಂಬಾಯಿಗೆ ಹೋಗಿಲ್ಲ. ಬಳ್ಳಾರಿ ಜಯಿಲಿನಾಗ ಅದೀ. ಎರಡು ವರ್ಷದ ಹಿಂದನ ನಿನ್ನ ಕಾರ್ಡಿನ ಮ್ಯಾಲಿನ ಮುದ್ರಿ ಓದೀನಿ. ಕೇಳಿದರ ಅತ್ತಿ ಅಳ್ತಾಳ ಅಂತ ಕೇಳಿಲ್ಲ."

ಟ್ರಂಕಿನ ತಳದಲ್ಲಿ ಬಚ್ಚಿಟ್ಟ ಕಾರ್ಡುಗಳವು. ಅಕ್ಷರ ಕಲಿಸಿದವಳು ನಾನೇ, ಆದರೆ ಅವಳು ಓದಿಯಾಳೆಂಬುದು ನನಗೆ ಹೊಳೆಯಲಿಲ್ಲ ನೋಡು. ಎರಡು ವರ್ಷ ಆ ಮಗು ನನ್ನ ಸಲುವಾಗಿ ಸುಮ್ಮನಿತ್ತು.

ಹೆಡ್‌ಮಾಸ್ತರ್ ಗುರುಸಂಗಪ್ಪನವರು ಹಾಳೆ ನೋಡಿ, "ಹರದು ಹಾಕ್ರಿ ಮಾಳಮ್ಮ. ನಾಳಿ ನಾಕು ಮಂದಿ ಬಾಯಿಗೆ ಬಿದ್ರ ಹುಡುಗಿ ಗತಿ ಏನು?" ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. "ಇಷ್ಟು ದಿನದಾಗ ಇದೊಂದೇ ನೋಡ್ರಿ ಸರ್, ಅಕಿ ನೋಡದ ಬರದಿದ್ದು. ನಾ ಹರಿಯಂಗಿಲ್ಲ" ಎಂದೆ. ಅವರು ಹಾಳೆಯನ್ನು ಇನ್ನೊಮ್ಮೆ ಓದಿ ನನ್ನ ಕೈಗೆ ವಾಪಸು ಕೊಟ್ಟರು. 'ಜಯಿಲು' ಎಂಬುದನ್ನು ಸಹ ನಾನು ತಿದ್ದಲಿಲ್ಲ.

ಸಂಜೆ ಮನೆಯಲ್ಲಿ ಅವಳನ್ನು ಕೂರಿಸಿಕೊಂಡು ನಡೆದದ್ದೆಲ್ಲ ಹೇಳಿದೆ. ಅವಳು ಅಳಲಿಲ್ಲ, ನಾನೇ ಅತ್ತೆ.

ಮೈ ಕಡೆ ನಿಗಾ ಇರಲಿ. ತಾಯಿ ಊರಮ್ಮ ನಿನ್ನ ಮನಸ್ಸಿಗೆ ಗಟ್ಟಿತನ ಕೊಡಲಿ.

ಇತಿ ನಿನ್ನ ಅಕ್ಕ,
ಮಾಳಮ್ಮ

ಮರೆತಿದ್ದೆ, ಅಂಚೆಯವನು ಬಾಗಿಲಲ್ಲಿದ್ದಾನೆ: ಅವಳ ಹಾಳೆ ಇದರೊಳಗಿದೆ. ಬರುವ ಶನಿವಾರ ಇಬ್ಬರೂ ಬರುತ್ತಿದ್ದೇವೆ. ಭೇಟಿ ಬೇಡವೆಂದು ಹೇಳಿ ಕಳಿಸಬೇಡ. ಸತ್ತವನ ಹೆಂಡತಿಗೆ ನೀನು ಎಂದಾದರೂ ಒಂದು ಕಾಗದ ಬರೆದಿದ್ದೀಯಾ ಎಂದು ಹುಲಿಗೆಮ್ಮ ಕೇಳಿದಳು. ನನಗೆ ಗೊತ್ತಿಲ್ಲ, ನಿಮ್ಮಪ್ಪನನ್ನೇ ಕೇಳು ಎಂದಿದ್ದೇನೆ.