ಮಾವನನ್ನು ಕರೆಯುವ ಎಂಜಿನ್

ಶಿಹ್ಲೋವೊ ಕ್ಯಾಂಪ್
ಸೆಪ್ಟೆಂಬರ್ 9, ಸೋಮವಾರ

ಪ್ರೀತಿಯ ಕೊಕ್ವಾನಾ,

ಮಂಡಿನೋವು ಹೇಗಿದೆ ಅಜ್ಜಿ? ನಾನು ಚೆನ್ನಾಗಿದ್ದೇನೆ, ಒಣಗಾಳಿಗೆ ತುಟಿ ಒಡೆದಿದೆ, ಅಷ್ಟೇ. ಬರೆಯುತ್ತೇನೆ ಎಂದು ಹೇಳಿ ಜೂನ್‌ನಿಂದ ಆಗಸ್ಟ್‌ವರೆಗೆ ಇಡೀ ಚಳಿಗಾಲ ಕಳೆದುಬಿಟ್ಟೆ, ಕೋಪ ಬೇಡ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಇವತ್ತಿನದು ಕೊನೆಯವರೆಗೂ ಕೇಳಬೇಕಾದ ಮಾತು, ಅದಕ್ಕೇ ಕಾಗದ. ಇದು ಮಾಲುಮೆಯ ಜೀವದ ವಿಷಯ.

ಆನೆಗೆ ಮಾಲುಮೆ, ಅಂದರೆ ಸೋದರಮಾವ ಅಂತ ಯಾರಾದರೂ ಹೆಸರಿಡ್ತಾರಾ ಎಂದು ನೀವು ನಕ್ಕಿದ್ದಿರಿ. ಮರೂಲಾ ಹಣ್ಣಿನ ಕಾಲದಲ್ಲಿ ಅವನನ್ನು ನೋಡಿದ್ದರೆ ನಗುತ್ತಿರಲಿಲ್ಲ. ಮರಕ್ಕೆ ಹಣೆಯೊತ್ತಿ ಒಮ್ಮೆ ಅಲುಗಿಸುತ್ತಾನೆ. ಹಣ್ಣು ಸುರಿದದ್ದೇ ತಡ, ಎಲ್ಲಿಂದಲೋ ಮರಿಯಾನೆಗಳು, ಜಿಂಕೆಗಳು ನುಗ್ಗಿ ಬಂದು ಅವನ ಕಾಲಬುಡದಲ್ಲೇ ತಿನ್ನುತ್ತವೆ. ಒಂದನ್ನೂ ಓಡಿಸುವುದಿಲ್ಲ. ಕೇಳದೆ ಎತ್ತಿಕೊಂಡು ಉಣ್ಣಬಹುದಾದ ಮನೆ ನಮಗಿರುವುದು ಮಾವನದೊಂದೇ ತಾನೇ?

ನಾನು ಇಲ್ಲಿಗೆ ಜಗಳಕ್ಕೆಂದೇ ಬಂದವಳು, ನಿಮಗೆ ಗೊತ್ತು. ಚೀಲದಲ್ಲಿ ಬಟ್ಟೆಗಿಂತ ನೀರಿನ ಹಕ್ಕಿನ ಕರಪತ್ರಗಳೇ ಹೆಚ್ಚಿದ್ದವು. ಪ್ರವಾಸಿಗರ ಡೇರೆಯೊಳಗೆ ಹಿತ್ತಾಳೆಯ ಸ್ನಾನದ ತೊಟ್ಟಿ, ಎದುರಿಗೆ ಎಂಜಿನ್ನಿಂದ ನೀರು ತುಂಬಿಸಿದ ಹೊಂಡ. ಅತಿಥಿಗಳು ಕೂತಲ್ಲೇ ಆನೆ ನೋಡಬೇಕಲ್ಲ. ಆ ಹೊಂಡದ ಸುತ್ತ ಒಂದು ಹುಲ್ಲೆಸಳೂ ಉಳಿದಿರಲಿಲ್ಲ. ಪ್ರಾಣಿಗಳು ನೀರು ಬಿಟ್ಟು ಹೋಗಲಾರದೆ, ನೀರಿನ ಪಕ್ಕದಲ್ಲೇ ಹಸಿದು ಸಾಯುತ್ತಿದ್ದವು. ಹಾಸಿಗೆ ಹಾಸುವ ಕೆಲಸದವಳಾದ ನಾನು ಸಭೆಯಲ್ಲಿ ಎದ್ದು, "ಇದು ಹೊಂಡ ಅಲ್ಲ, ಬಲೆ" ಎಂದೆ. ಕೆಲಸ ಹೋಯಿತೆಂದೇ ತಿಳಿದಿದ್ದೆ. ಮಾಲಕಿ ಹೆಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡು, "ನಿನ್ನ ಬಾಯಿ ಜೋರು ಅಮುಕೆಲಾನಿ, ಆದ್ರೆ ಹೇಳಿದ್ದು ಸರಿ" ಎಂದರು. ಜುಲೈಯಲ್ಲಿ ಹೊಂಡಕ್ಕೆ ನೀರು ನಿಲ್ಲಿಸಿಯೇಬಿಟ್ಟರು.

ಶ್ರೀಮಂತರನ್ನು ಹೊಗಳಲು ನನ್ನ ನಾಲಿಗೆಗೆ ಅಭ್ಯಾಸವಿಲ್ಲ. ಆದರೂ ಆ ಹೆಂಗಸಿನ ಗಟ್ಟಿತನ ಹೇಳಲೇಬೇಕು. ಅತಿಥಿಗಳು ಸಿಟ್ಟಾದರು, ಕೆಲವರು ಬರುವುದನ್ನೇ ಬಿಟ್ಟರು. "ಆನೆ ನೋಡ್ಬೇಕಾ? ಬೂಟು ಹಾಕ್ಕೊಳ್ಳಿ, ನದೀವರೆಗೆ ನಡೀರಿ" ಎಂದು ಹೆಸ್ಟರ್ ಊಟದ ಮೇಜಿನಲ್ಲೇ ಹೇಳಿದರು. ಈಗ ಹೊಂಡದ ದಡದಲ್ಲಿ ಮೊಪಾನೆ ಗಿಡ ಕೆಂಪಗೆ ಚಿಗುರಿದೆ. ನಾನು ಮುಟ್ಟಿ ನೋಡಿ ಬಂದೆ. ನನ್ನನ್ನು ಪ್ರಾಣಿಗಳ ಮೇಲೆ ನಿಗಾ ಇಡುವ ತಂಡಕ್ಕೆ ಹಾಕಿದ್ದಾರೆ.

ಹೊಂಡದ ಹಳೇ ಎಂಜಿನ್ ಬೇಲಿಯಾಚೆ ನಿಮ್ಮೂರ ಹೆಂಗಸರ ತರಕಾರಿ ತೋಟಕ್ಕೆ ಬಂದದ್ದೂ ಆಗಲೇ. ಲಾರಿಯ ಮುಂದೆ ನೀವು ಕುಣಿದದ್ದನ್ನು ಡ್ರೈವರ್ ವುಕೋಸಿ ಈಗಲೂ ಕುಣಿದು ತೋರಿಸುತ್ತಾನೆ. ತಿರುಗಿಸಿ ಎಂಜಿನ್ ಹಚ್ಚುವ ಹ್ಯಾಂಡಲನ್ನು ಶಾಲಿನಲ್ಲಿ ಸುತ್ತಿ ತಲೆದಿಂಬಿನ ಕೆಳಗಿಟ್ಟು ಮಲಗುತ್ತೀರಂತೆ, ಹೌದೇ?

ಮಿಕ್ಕ ಆನೆಗಳು ನದಿಗೆ ಹೋದವು. ಮಾಲುಮೆ ಮಾತ್ರ ಒಣಹೊಂಡಕ್ಕೆ ಬಂದು, ಕೊಳವೆಯ ಬಾಯಿಗೆ ಸೊಂಡಿಲಿಟ್ಟು ನಿಲ್ಲುತ್ತಿದ್ದ. ಆಮೇಲೆ ಬೇಲಿ ಮುರಿದು ನಿಮ್ಮಲ್ಲಿಗೆ ಬಂದ. "ಅಳಿಯ ಮಾವನ ಮನೇಲಿ ಕೇಳ್ದೆ ಉಣ್ಣೋದು ಕಂಡಿದ್ದೀನಿ. ಮಾವನೇ ಬಂದು ನನ್ನ ಎಲೆಕೋಸು ಉಣ್ಣೋದು ನಿಮ್ಮ ಕ್ಯಾಂಪಿನೋರು ಕಲಿಸಿದ್ದೇನೋ" ಎಂದು ಫೋನಿನಲ್ಲಿ ಬೈದಿರಿ. ಅವನು ಬಂದದ್ದು ಎಲೆಕೋಸಿಗಲ್ಲ ಅಜ್ಜಿ. ಬೇಲಿಯ ಬಳಿ ಕಾದು ಕೂತು ನೋಡಿದ್ದೇನೆ. ನಿಮ್ಮ ಎಂಜಿನ್ ಟುಕುಟುಕು ಎಂದೊಡನೆ ಕಿವಿ ಅಗಲಿಸಿ, ಮೇಯುವುದನ್ನು ಬಿಟ್ಟು ಹೊರಡುತ್ತಾನೆ. ಭಾನುವಾರ ನೀವೆಲ್ಲ ಚರ್ಚಿಗೆ ಹೋದಾಗ ಎಂಜಿನ್ ಸುಮ್ಮನಿರುತ್ತದೆ, ಅವನೂ ಸುಮ್ಮನಿರುತ್ತಾನೆ. ಮರಿಯಾಗಿದ್ದಾಗಿನಿಂದ ಆ ಸದ್ದೆಂದರೆ ಅವನಿಗೆ ನೀರು. ಅದು ತನ್ನನ್ನೇ ಕರೆಯುತ್ತಿದೆ ಎಂದು ನಂಬಿ ಬರುತ್ತಾನೆ. ಅಷ್ಟು ದೊಡ್ಡ ಜೀವಕ್ಕೆ ಅಷ್ಟು ನೆನಪು, ಅಷ್ಟು ನಂಬಿಕೆ. ನನ್ನ ಯಾವ ಕರಪತ್ರದಲ್ಲೂ ಇದನ್ನು ಓದಿರಲಿಲ್ಲ.

ಇನ್ನೊಮ್ಮೆ ಬೇಲಿ ದಾಟಿದರೆ ಗುಂಡು ಎಂದು ಸರ್ಕಾರದವರು ಹೇಳಿದ್ದಾರೆ. ಸದ್ದಿಲ್ಲದ ಸೌರಪಂಪನ್ನು ನಿಮಗೆ ಕೊಡಿಸಲು ಹೆಸ್ಟರ್ ಒಪ್ಪಿದ್ದಾರೆ, ಆದರೆ ಅದು ಬರುವುದು ನವೆಂಬರಿನಲ್ಲಿ. ಅಲ್ಲಿಯವರೆಗೆ ಎಂಜಿನ್ ಹಚ್ಚಬೇಡಿ. ಟೊಮೆಟೊ ಹೂ ಬಿಟ್ಟಿದೆ ಎಂದು ಗೊತ್ತು. ಕೊಡದಲ್ಲಿ ಹೊತ್ತರೆ ಅರ್ಧ ತೋಟವೂ ಉಳಿಯಲಾರದು. ನೀರು ಮೊದಲು ಜನಕ್ಕೆ ಎಂದು ನಿಮಗೆ ಓದಿ ಹೇಳಿದವಳೇ ನಾನು, ಈಗ ಹೀಗೆ ಬೇಡುತ್ತಿದ್ದೇನೆ. ರಜೆ ಸಿಕ್ಕ ದಿನವೆಲ್ಲ ಬಂದು ನೀರು ಹೊರುತ್ತೇನೆ. ಕೊಡ ಹೊತ್ತ ನನ್ನ ನಡೆ ಕೋಳಿಯದು ಎಂದು ನಿಮ್ಮ ಗೆಳತಿಯರು ನಗಲಿ.

ನಿಮ್ಮ ಪ್ರಾರ್ಥನೆಯಲ್ಲಿ ನನ್ನ ಹೆಸರಿನ ಪಕ್ಕ ಅವನದನ್ನೂ ಸೇರಿಸಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮೊಮ್ಮಗಳು
ಅಮುಕೆಲಾನಿ

ತಾ.ಕ.: ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಎಂಜಿನ್ನಿನ ವಿಷಯವನ್ನು ನಾನು ಶುಕ್ರವಾರದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಗೊತ್ತಾದರೆ ಅವನನ್ನು ಬಿಡುತ್ತಾರೆ ಎಂದುಕೊಂಡಿದ್ದೆ. ಮೊದಲು ಚಪ್ಪಾಳೆ ತಟ್ಟಿದವರು ಸರ್ಕಾರದ ಕಡೆಯ ಅಧಿಕಾರಿಯೇ. "ಶಾಭಾಷ್ ಮಗಳೇ. ಹಾಗಾದ್ರೆ ಕಾಡೆಲ್ಲ ಹುಡುಕೋದು ಬೇಡ. ಎಂಜಿನ್ ಹಚ್ಚಿದ್ರೆ ತಾನೇ ಬರ್ತಾನೆ, ಅಲ್ವಾ?" ಎಂದರು. "ಬಂದೇ ಬರ್ತಾನೆ" ಎಂದೆ, ಹೆಮ್ಮೆಯಿಂದ. ಈ ಗುರುವಾರ ಬಂದೂಕು ಹಿಡಿದು ನಿಮ್ಮ ತೋಟಕ್ಕೆ ಬರುತ್ತಾರೆ. ಮಾಂಸವೆಲ್ಲ ಊರಿಗೇ ಎನ್ನುತ್ತಾರೆ, ಎಂಜಿನ್ ಹಚ್ಚಲು ನಿಮ್ಮನ್ನೇ ಕೇಳುತ್ತಾರೆ. ಆ ಹಳೇ ಎಂಜಿನ್ನಿಗೆ ಬೇರೆ ಹ್ಯಾಂಡಲ್ ಕೂರುವುದಿಲ್ಲ. ಈ ಕಾಗದ ತಂದ ವುಕೋಸಿಯ ಕೈಯಲ್ಲಿ ಅದನ್ನು ಶಾಲಿನ ಸಮೇತ ನನಗೆ ಕಳಿಸಿಬಿಡಿ. ಯಾರಾದರೂ ಕೇಳಿದರೆ, ಮೊಮ್ಮಗಳು ಬಂದು ಕೇಳದೆ ಎತ್ತಿಕೊಂಡು ಹೋದಳು ಎನ್ನಿ.