ಕೂಳೆಯ ಬಗ್ಗೆ ಕೇಳಿದ್ದು

ಜನವರಿ ೧೪, ಬುಧವಾರ. ಕಾಪು

ಉಳದೆ ಬಿತ್ತುವ ಕುರಿತಾದ ಸ್ಪ್ಯಾನಿಷ್ ಕೈಪಿಡಿಯ ನನ್ನ ಇಂಗ್ಲಿಷ್ ಅನುವಾದ ನಾಳೆ ಅಚ್ಚಿಗೆ ಹೋಗಬೇಕು. ಕೊಯ್ಲಾದ ಮೇಲೆ ಉಳಿಯುವ ಕೂಳೆಯನ್ನು ಹೊಲದಲ್ಲೇ ಬಿಡಬೇಕೇ, ತೆಗೆಯಬೇಕೇ ಎಂಬ ಸಾಲು ಮಾತ್ರ ಸ್ಪಷ್ಟವಾಗಿರಲಿಲ್ಲ. ನಾನು ತಪ್ಪಿದರೆ ಓದಿದ ರೈತರು ಅದನ್ನು ಸುಟ್ಟೇಬಿಡುತ್ತಾರೆ. ಬರೆದ ಅರ್ಜೆಂಟೀನಾದ ಹಿರಿಯರನ್ನು ಕೇಳೋಣವೆಂದರೆ, ಇದುವರೆಗೆ ಯಾರೊಂದಿಗೂ ಸ್ಪ್ಯಾನಿಷ್ ಮಾತನಾಡಿದವಳಲ್ಲ ನಾನು.

“ಎಂತ ಹೆದರಿಕೆ ಮಾರಾಯ್ತಿ? ಅರ್ಜೆಂಟೀನಾದಿಂದ ಬಂದು ಕಚ್ಚುತ್ತಾರಾ?” ಎಂದು ಗೆಳತಿ ಧೃತಿ ತಾನೇ ಕರೆ ಮಾಡಿ ಫೋನನ್ನು ನನ್ನ ಕಿವಿಗಿಟ್ಟಳು.

ನಾನು ತಡವರಿಸುವಷ್ಟು ಹೊತ್ತೂ ಆ ಹಿರಿಯರು ಕಾದರು. ಬಿಡಬೇಕು, ಅದೇ ಮಣ್ಣಿಗೆ ಹೊದಿಕೆ ಎಂದರು. ನಿಮ್ಮಲ್ಲಿ ಭತ್ತದ ನಂತರ ಏನು ಬಿತ್ತುತ್ತೀರಿ ಎಂದೂ ಕೇಳಿದರು. ಉದ್ದಿಗೆ ಅವರ ಪದ ತಿಳಿಯದೆ ದೋಸೆ ಹೊಯ್ಯುವುದನ್ನೇ ವಿವರಿಸಿದೆ. ನಗುತ್ತಾ ಕೇಳಿಸಿಕೊಂಡರು.

ಮಾತು ಮುಗಿಸಿ ತಿರುಗಿದರೆ ಧೃತಿ ಇಲ್ಲ. ನನಗೆ ನಾಚಿಕೆಯಾಗದಿರಲೆಂದು ಅಷ್ಟು ಹೊತ್ತೂ ಅಂಗಳದಲ್ಲಿ ಸೊಳ್ಳೆ ಕಚ್ಚಿಸಿಕೊಳ್ಳುತ್ತಾ ನಿಂತಿದ್ದಳು.